ಮಾವ ಬೆಳೆದ ಸಾಮೆ, ನಾನು ಕೊಟ್ಟ ಮಾತು

ನಾಗಮಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಗಿರಣಿಗೆ ಬರುವವರು ರಾಗಿ ಸುರಿದು ಸುಮ್ಮನೆ ನಿಲ್ಲುವುದಿಲ್ಲ. ಹಿಟ್ಟು ಬೀಳುವ ತನಕ ಏನಾದರೊಂದು ಹೇಳುತ್ತಾರೆ, ಇಲ್ಲವೇ ನನ್ನ ಬಾಯಿಂದ ಹೇಳಿಸುತ್ತಾರೆ. ಮಿಷನ್ನಿನ ಸದ್ದಿನಲ್ಲಿ ಎಲ್ಲವನ್ನೂ ಕೂಗಿಯೇ ಹೇಳಬೇಕಾದ್ದರಿಂದ ನಮ್ಮ ಬೀದಿಯಲ್ಲಿ ಗುಟ್ಟು ಅನ್ನುವುದು ಉಳಿದಿಲ್ಲ. ಹೀಗಾಗಿ ನಗೆಪಾಟಲಿನ ಸಂಗತಿಗಳಿಗೆ ನನ್ನ ಅಂಗಡಿಯ ವಿಳಾಸ ಚೆನ್ನಾಗಿ ಗೊತ್ತು. ಅವು ಬೇರೆಯವರಿಗೆ ಆಗುತ್ತಿದ್ದಷ್ಟು ದಿನ ನಾನು ಹೊಟ್ಟೆ ತುಂಬ ನಕ್ಕಿದ್ದೇನೆ. ಸಣ್ಣ ಧಾನ್ಯದ ಮಾರಾಟಕ್ಕೆ ಕೈಹಾಕಿದ ಮೇಲೆ ಅವು ನನಗೇ ಆಗತೊಡಗಿದವು.

ದೇವಲಾಪುರದ ಕಡೆಯ ಕೆಲವು ರೈತರು ಸೇರಿ ಒಂದು ಕೂಟ ಮಾಡಿಕೊಂಡರು. ಬೆಳೆದದ್ದನ್ನು ಒಟ್ಟಿಗೆ ಮಾರಬೇಕು ಅನ್ನುವುದು ಉದ್ದೇಶ. ಕಾರ್ಯದರ್ಶಿ ಯಾರಾಗಬೇಕು ಎಂಬ ಮಾತು ಬಂದಾಗ ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ನನ್ನ ಯೋಗ್ಯತೆ ಏನೆಂದು ಕೇಳಿದ್ದಕ್ಕೆ ಒಬ್ಬರು, "ನಿಮ್ಗೆ ಗಂಟ್ಲು ಚೆನ್ನಾಗೈತೆ" ಎಂದರು.

ಮೇಷ್ಟ್ರ ಓಟ್ಸು

ಶ್ರೀರಂಗಪಟ್ಟಣದಲ್ಲಿ ನನ್ನ ಹೈಸ್ಕೂಲಿನ ಮೇಷ್ಟ್ರೊಬ್ಬರಿದ್ದಾರೆ. ನಿವೃತ್ತರಾಗಿ ಬಹಳ ಕಾಲವಾಯಿತು. ನನ್ನನ್ನು ಕಂಡರೆ ಈಗಲೂ ಉತ್ತರಪತ್ರಿಕೆ ನೋಡುವ ಮುಖದಲ್ಲೇ ನೋಡುತ್ತಾರೆ. ಕೂಟಕ್ಕೆ ಏನು ಬೆಳೆಸೋಣ ಎಂದು ಕೇಳಲು ಹೋದಾಗ ಅವರು ಬಟ್ಟಲಿನಲ್ಲಿ ಬೆಳ್ಳಗೆ ಗಂಜಿಯಂಥದ್ದೇನನ್ನೋ ಇಟ್ಟುಕೊಂಡು ಕಣ್ಣು ಮುಚ್ಚಿ ನುಂಗುತ್ತಿದ್ದರು.

"ಓಟ್ಸು. ಡಾಕ್ಟರ್ ಹೇಳಿದಾರೆ. ಒಂದು ವರ್ಷದಿಂದ ದಿನಾ ಬೆಳಿಗ್ಗೆ ಇದೇ. ಪಟ್ಟಣದ ಜನವೆಲ್ಲ ಈಗ ಸಣ್ಣ ಕಾಳಿನ ಹಿಂದೆ ಬಿದ್ದಿದಾರೆ, ನೀವು ಇದನ್ನ ಯಾಕೆ ಬೆಳೆಯಬಾರದು? ಕನ್ನಡದಲ್ಲಿ ತೋಕೆಗೋಧಿ ಅಂತಾರೆ, ಬರೆದುಕೋ" ಎಂದರು.

ಬರೆದುಕೊಂಡೆ. ನಮ್ಮ ಸೀಮೆಯಲ್ಲಿ ಓಟ್ಸ್ ಬೆಳೆದವರು ಯಾರಾದರೂ ಇದ್ದಾರೆಯೇ ಎಂದು ಹತ್ತಾರು ಕಡೆ ಫೋನು ಮಾಡಿದೆ. ಪಾಂಡವಪುರದ ಹತ್ತಿರ, ನಾಲೆಯ ಮಗ್ಗುಲಲ್ಲಿ ಒಬ್ಬ ರೈತ ಹಾಕಿದ್ದಾನೆ ಎಂದು ಗೊತ್ತಾಯಿತು. ಮೇಷ್ಟ್ರು ತಾವೂ ಬರುತ್ತೇನೆಂದು ಹಟ ಹಿಡಿದರು. ದಿನಾ ತಿನ್ನುವುದರ ಗಿಡವನ್ನೇ ನೋಡಿಲ್ಲ ಅನ್ನುವುದು ಅವರಿಗೆ ದೊಡ್ಡ ಕೊರತೆಯಾಗಿತ್ತು.

ಅರ್ಧ ಎಕರೆಯಲ್ಲಿ ಮೊಳಕಾಲುದ್ದ ಹಸುರು ನಿಂತಿತ್ತು. ಮೇಷ್ಟ್ರು ಚಪ್ಪಲಿ ಬಿಟ್ಟು ಬದುವಿಗಿಳಿದು ಗರಿಗಳನ್ನು ಸವರಿದರು. ತೆನೆ ಯಾವಾಗ ಕಟ್ಟುತ್ತದೆ, ಕಾಳು ಯಾರು ಕೊಳ್ಳುತ್ತಾರೆ ಎಂದು ರೈತನನ್ನು ವಿಚಾರಿಸಿದರು.

ರೈತ ತಲೆ ಕೆರೆದುಕೊಂಡ. "ತೆನೆ ಬರೋಗಂಟ ಯಾರ್ ಬುಡ್ತಾರೆ ಸಾ? ಎಳೇದ್ರಲ್ಲೇ ಕುಯ್ದು ಹಾಕ್ಬುಡ್ತೀನಿ. ಇದು ನಮ್ ಹಸೀನ ಮೇವು."

ಮೇಷ್ಟ್ರು ನನ್ನನ್ನು ನೋಡಿದರು. ನಾನು ನಾಲೆಯನ್ನು ನೋಡಿದೆ. ರೈತ ಮಾತ್ರ ಉತ್ಸಾಹದಿಂದ ನಮ್ಮನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಓಟ್ಸ್ ಅಗಿಯುತ್ತಿದ್ದ ಹಸುವನ್ನು ತೋರಿಸಿದ. ಮಾತಿನ ಮಧ್ಯೆ, ಮೇಷ್ಟ್ರೂ ದಿನಾ ಬೆಳಿಗ್ಗೆ ಇದನ್ನೇ ತಿನ್ನುವುದು ಎಂದು ನಾನು ಬಾಯಿಬಿಟ್ಟೆ. ಗಿರಣಿಯ ಅಭ್ಯಾಸ, ಸ್ವಲ್ಪ ಗಟ್ಟಿಯಾಗಿಯೇ ಹೇಳಿರಬೇಕು, ಪಕ್ಕದ ಹೊಲದವರೂ ಬಂದು ನಿಂತರು.

ರೈತ ಒಮ್ಮೆ ಹಸುವನ್ನು, ಒಮ್ಮೆ ಮೇಷ್ಟ್ರನ್ನು ನೋಡಿ ಬಹಳ ಗೌರವದಿಂದ ಕೇಳಿದ: "ನಮ್ ಗೌರಿ ಇದ ತಿನ್ನಕ್ಕಿಡ್ದು ಇನ್ನೂ ಒಂದ್ ತಿಂಗ್ಳಾಗಿಲ್ಲ ಸಾ, ಹೊತ್ತಿಗೆ ಒಂದ್ ಲೀಟ್ರು ಹಾಲು ಜಾಸ್ತಿ ಕೊಡ್ತಾವ್ಳೆ. ನೀವು ವರ್ಸದಿಂದ ತಿಂತಿದ್ದೀರಿ. ನಿಮ್ಗೇನ್ ಸುಧಾರಿಸ್ತು?"

ನಲವತ್ತು ವರ್ಷ ಪ್ರಶ್ನೆ ಕೇಳಿದ ಮೇಷ್ಟ್ರು ಅವತ್ತು ಉತ್ತರಕ್ಕಾಗಿ ನನ್ನ ಮುಖ ನೋಡಿದರು.

ಮೊದಲು ನಂಬಬೇಕಾದವರು

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು, ಇಳಿಯುವ ಮುಂಚೆ, "ಓಟ್ಸ್ ಬೇಡ. ನಿಮ್ಮ ಒಣಭೂಮಿಗೆ ಸಾಮೆ ಹಾಕಿ. ನಮ್ಮಜ್ಜಿ ಕಾಲದಲ್ಲಿ ಎಲ್ಲ ಹೊಲದಲ್ಲೂ ಇರ್ತಿತ್ತು. ಅದನ್ನ ಹಸು ಕೇಳಲ್ಲ" ಎಂದರು.

ಬೆಂಗಳೂರಿನ ಒಂದು ಕಂಪನಿ ಸಾಮೆಯಿಂದ ಅವಲಕ್ಕಿಯಂಥ ಬೆಳಗಿನ ತಿಂಡಿ ಮಾಡಿ ಪೊಟ್ಟಣದಲ್ಲಿ ಮಾರುತ್ತದೆ ಎಂದು ತಿಳಿಯಿತು. ಫೋನು ಮಾಡಿದೆ. ಬೆಳೆಯಿರಿ, ಮಾಲು ನಮ್ಮ ಪರೀಕ್ಷೆಯಲ್ಲಿ ಪಾಸಾದರೆ ಪೂರ್ತಿ ನಾವೇ ಕೊಳ್ಳುತ್ತೇವೆ ಎಂದರು. ಆ 'ಪಾಸಾದರೆ' ಎನ್ನುವುದೇ ನನಗೆ ಚಿಂತೆಯಾಯಿತು. ನಮ್ಮ ಕಡೆ ರಾಗಿ ಕೊಳ್ಳುವವರಿದ್ದಾರೆ, ತೆಂಗಿನಕಾಯಿ ಕೊಳ್ಳುವವರಿದ್ದಾರೆ. ಸಾಮೆ ಹೊತ್ತುಕೊಂಡು ಹೋದರೆ ಹಕ್ಕಿಗೆ ಹಾಕೋಕಾ ಎಂದು ಕೇಳುತ್ತಾರೆ. ಕಂಪನಿ ಬೇಡವೆಂದರೆ ಬೇರೆ ದಾರಿಯೇ ಇಲ್ಲ.

ಇದನ್ನೆಲ್ಲ ದೇವಲಾಪುರದ ಕಡೆಯ ನಮ್ಮ ಕೂಟದವರಿಗೆ ಹೇಳಿದೆ. ಒಬ್ಬರು ಮೂಲೆಯಲ್ಲಿ ಕೂತಿದ್ದ ನನ್ನ ಹೆಂಡತಿಯ ತಂದೆಯ ಕಡೆ ತಿರುಗಿ, "ಮಗಳನ್ನೇ ಕೊಟ್ಟಿದ್ದೀಯ, ಮೊದ್ಲು ನೀನು ನಂಬು. ಆಮೇಲೆ ನಾವು ನಂಬ್ತೀವಿ" ಎಂದುಬಿಟ್ಟರು.

ನಮ್ಮ ಮಾವ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಎದ್ದು ನಿಂತು ಟವೆಲ್ಲು ಕೊಡವಿದರು. "ಎಲ್ಡ್ ಎಕ್ರೆ ಆಕ್ತೀನಿ. ರಾಗಿ ಬುಟ್ಟು ಸಾಮೆ ಆಕ್ತೀನಿ. ಆದ್ರೆ ಅಳಿಯಂದ್ರೆ, ಇದು ಮಾರಾಟ ಆಗ್ಲಿಲ್ಲ ಅಂದ್ರೆ ಅಷ್ಟೂ ಚೀಲವ ನಿಮ್ಮನೆಗೇ ಸಾಗಿಸ್ತೀನಿ. ಅದ್ರ ಹಿಂದೇನೇ ನಾನೂ ನಿಮ್ಮತ್ತೇನೂ ಬತ್ತೀವಿ. ಕೊನೇ ಕಾಳು ಮುಗಿಯೋಗಂಟ ಅಲ್ಲೇ ಉಣ್ಣೋದು."

ಮಾವ ಹೀಗೆ ಹೇಳಿದ ಮೇಲೆ ಇನ್ನು ಹದಿಮೂರು ಮನೆಯವರು ಒಪ್ಪಿದರು. ನಿಜ ಹೇಳುತ್ತೇನೆ, ಅವತ್ತು ನಾನು ಹೆದರಿದ್ದೆ. ಹದಿನಾಲ್ಕು ಮನೆಯವರು ವರ್ಷದ ರಾಗಿಯ ಜಾಗದಲ್ಲಿ ನನ್ನ ಮಾತನ್ನು ಬಿತ್ತಲು ಹೊರಟಿದ್ದರು. ಮನೆಗೆ ಬಂದು ಹೆಂಡತಿಯ ಮುಂದೆ ಕೂತು, ಮಾರಾಟವಾಗದಿದ್ದರೆ ನಿಮ್ಮಪ್ಪ, ಅಮ್ಮ ಇಬ್ಬರೂ ಇಲ್ಲಿಗೇ ಬಂದು ವರ್ಷಗಟ್ಟಲೆ ಉಳಿಯುತ್ತಾರಂತೆ ಎಂದು ಅಳು ಮುಖದಲ್ಲಿ ಹೇಳಿಕೊಂಡೆ.

ಅವಳು ಕೇಳಿದಳು: "ರೀ, ಅದನ್ನ ಮಾರ್ಲೇಬೇಕಾ?"

ಅಕ್ಕಿಹೆಬ್ಬಾಳಿನ ಬಿಸಿಬೇಳೆ ಬಾತು

ಬೆಳೆ ಹೊಲದಲ್ಲಿರುವಾಗಲೇ ನಾನು ಊರೂರಿನ ನೆಂಟರಿಗೆ ಸಾಮೆ ಅಕ್ಕಿಯ ರುಚಿ ಹಿಡಿಸಲು ಹೊರಟೆ. ಕಂಪನಿ ಕೈಕೊಟ್ಟರೆ ನಾಲ್ಕು ಮನೆಯವರಾದರೂ ಕೊಳ್ಳಲಿ ಎನ್ನುವ ದೂರಾಲೋಚನೆ. ನಮ್ಮದಿನ್ನೂ ಬಂದಿರಲಿಲ್ಲವಲ್ಲ, ಮೈಸೂರಿನಿಂದ ಪೊಟ್ಟಣ ತಂದು ಹಂಚಿದೆ. ಒಂದು ಪೊಟ್ಟಣ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿರುವ ನನ್ನ ಅಕ್ಕನ ಮನೆಗೂ ಹೋಯಿತು.

ಅದೇ ವಾರ ಅಕ್ಕನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಅಕ್ಕ, ತಮ್ಮ ಕೊಟ್ಟದ್ದು ಎಂಬ ಅಭಿಮಾನದಿಂದ ಆ ಸಾಮೆ ಅಕ್ಕಿಯಲ್ಲೇ ಬಿಸಿಬೇಳೆ ಬಾತು ಮಾಡಿ ಬಡಿಸಿದಳು. ಹೆಮ್ಮೆಯಿಂದ ಅದರ ಹೆಸರನ್ನೂ ಹೇಳಿದಳು.

ಗಂಡಿನ ತಂದೆಯ ಕೈ ತಟ್ಟೆಯಲ್ಲೇ ನಿಂತಿತು. ಗಂಡಿನ ತಾಯಿ ಆಕಡೆ ಈಕಡೆ ನೋಡಿ ಮೆಲ್ಲಗೆ ಕೇಳಿದರು. "ಮನೇಲಿ ಯಾರ್ಗವ್ವ ಶುಗರ್ರು?"

ನಮ್ಮಲ್ಲಿ ಈಗ ಹೀಗಾಗಿದೆ. ಮನೆಯಲ್ಲಿ ಸಾಮೆಯೋ ನವಣೆಯೋ ಕಂಡರೆ ಡಾಕ್ಟರು ಹೇಳಿರಬೇಕು ಎಂದೇ ಎಲ್ಲರೂ ತಿಳಿಯುತ್ತಾರೆ. ಆರೋಗ್ಯವಾಗಿರುವವನು ಅದನ್ನು ಯಾಕೆ ತಿಂದಾನು ಎನ್ನುವುದು ಅವರ ತರ್ಕ.

ನಮ್ಮ ಭಾವನಿಗೆ ಸಂಬಂಧ ತಪ್ಪಿಹೋಗುತ್ತದೆ ಎಂದು ಬೆವರು ಬಂತು. ತಮ್ಮ ವಂಶದಲ್ಲಿ ಮೂರು ತಲೆಮಾರಿನಿಂದ ಯಾರಿಗೂ ಶುಗರ್ ಇಲ್ಲವೆಂದು ಸಾರಿದರು. ತಮ್ಮ ತಾತ ಅಚ್ಚು ಬೆಲ್ಲವನ್ನು ಹಾಗೇ ಕಚ್ಚಿ ತಿನ್ನುತ್ತಿದ್ದರೆಂದರು. ನಂಬಿಕೆ ಬರಲಿ ಎಂದು ಎಲ್ಲರ ಎದುರಿಗೆ ಐದು ಜಾಮೂನು ತಿಂದು, ಪಾಕವನ್ನೂ ಕುಡಿದರು. "ಬಾಮೈದ ತಂದ್ಕೊಟ್ಟವ್ನೆ, ಅದ್ಕೆ ಮಾಡುದ್ಲು ಅಷ್ಟೇಯ. ಅವ್ನಿಗೆ ಮಾಡಕ್ ಬ್ಯಾರೆ ಕೆಲ್ಸಿಲ್ಲ" ಎಂದು ನನ್ನನ್ನೂ ಮಧ್ಯೆ ಎಳೆದು ಕೆಡವಿದರು. ನಾನು ಅಲ್ಲೇ ನೀರಿನ ಚೊಂಬು ಹಿಡಿದು ನಿಂತಿದ್ದೆ.

ಗಂಡಿನ ತಾಯಿಯ ಮುಖ ಬಾಡಿತು. "ಅಯ್ಯೋ, ಯಾರ್ಗೂ ಇಲ್ವಾ? ನಮ್ಮೆಜಮಾನ್ರಿಗೆ ಹತ್ತೊರ್ಸದಿಂದ ಐತೆ. ಎಂಗಪ್ಪ ಹೇಳೋದು ಅಂತ ನಾವು ಹೆದ್ರುಕೊಂಡ್ ಬಂದಿದ್ವಿ. ಈ ಸಾಮೆ ನೋಡಿ, ಇವ್ರೂ ನಮ್ಮಂಗೇ ಅವ್ರೆ, ಹೊಂದ್ಕೊಂಡ್ ಹೋಯ್ತದೆ ಅಂತ ಸಮಾಧಾನ ಆಗಿತ್ತು."

ಭಾವ ಜಾಮೂನಿನ ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡರು. "ನಂಗೂ ಬಾರ್ಡರಲ್ಲೈತೆ ಬುಡಿ" ಎಂದರು.

ಅತ್ತೆಯ ಕನ್ನಡಕ

ಸಾಮೆ ಕೊಯ್ಲಿಗೆ ಬಂತು. ಅರ್ಧ ಕೇಜಿ ಸ್ಯಾಂಪಲ್ಲು ಕಳಿಸಿ ಎಂದು ಕಂಪನಿಯವರು ಕೇಳಿದರು. ನಾನು ಮಾವನಿಗೆ ಹೇಳಿದೆ. ಮಾವ ತಮ್ಮ ಹೊಲದ ಮೊದಲ ನಾಲ್ಕು ಕಂತೆ ಕೋಲಿನಿಂದ ಬಡಿದು, ಕಾಳು ತಂದು ಅತ್ತೆಗೆ ಹೇಳಿದರು.

ಅತ್ತೆ ಅದನ್ನು ತಮ್ಮ ಮನೆತನದ ಮರ್ಯಾದೆಯ ವಿಷಯ ಮಾಡಿಕೊಂಡರು. ಬೆಂಗಳೂರಿನವರು ಕಾಳು ನೋಡಿ, ಈ ಮನೆಯ ಹೆಂಗಸಿಗೆ ಅಚ್ಚುಕಟ್ಟಿಲ್ಲ ಅನ್ನಬಾರದು. ಮೊರ ತೆಗೆದುಕೊಂಡು, ಕನ್ನಡಕ ಏರಿಸಿ, ಬಾಗಿಲ ಬೆಳಕಿಗೆ ಕೂತರು. ನನ್ನ ಹೆಂಡತಿಯೂ ತವರಿಗೆ ಹೋಗಿ ಪಕ್ಕದಲ್ಲಿ ಕೂತಳು. ಸಾಮೆ ಕಾಳು ಎಷ್ಟು ಸಣ್ಣದೆಂದರೆ ಸೀನಿದರೆ ಅರ್ಧ ಹಾರಿಹೋಗುತ್ತದೆ. ಅದರಲ್ಲಿ ಮರಳು, ಜೊಳ್ಳು, ಹುಲ್ಲಿನ ಬೀಜ, ಬಣ್ಣ ಕೆಟ್ಟ ಕಾಳು ಎಲ್ಲವನ್ನೂ ಒಂದೊಂದಾಗಿ ಹೆಕ್ಕಿದರು. ಮೂರು ದಿನ ಆ ಮನೆಯಲ್ಲಿ ಫ್ಯಾನು ಹಾಕುವಂತಿರಲಿಲ್ಲ, ಯಾರೂ ಕೆಮ್ಮುವಂತಿರಲಿಲ್ಲ. ಮಾವ ಬೀಡಿ ಸೇದಲು ತೆಂಗಿನ ತೋಟಕ್ಕೆ ಹೋಗಿ ಬರುತ್ತಿದ್ದರು.

ಕಂಪನಿಯ ಅಧಿಕಾರಿ ಸ್ಯಾಂಪಲ್ಲು ನೋಡಿ ನನಗೆ ಫೋನು ಮಾಡಿದ. "ಸರ್, ನಾನು ಇಷ್ಟು ಕ್ಲೀನಾದ ಸಾಮೆ ನನ್ನ ಸರ್ವೀಸಲ್ಲೇ ನೋಡಿಲ್ಲ. ಒಂದೇ ಒಂದು ಕಲ್ಲಿಲ್ಲ. ತುಂಬಾ ಸಂತೋಷ. ಪೂರ್ತಿ ಮಾಲು ಇದೇ ಥರ ಇರಬೇಕು, ಅಷ್ಟೇ."

ಈ ಸಂತೋಷವನ್ನು ದೇವಲಾಪುರಕ್ಕೆ ಹೊತ್ತುಕೊಂಡು ಹೋಗಿ ಅತ್ತೆಗೆ ಒಪ್ಪಿಸಿದೆ. ಅವರು ಕೇಳಿದರು. "ಇನ್ನೆಷ್ಟೈತಪ್ಪ?"

"ಹದಿನಾಲ್ಕು ಮನೇದೂ ಸೇರಿ ಒಂದು ಲಾರಿ, ಅತ್ತೆ."

ಅತ್ತೆ ಕನ್ನಡಕ ತೆಗೆದು, ಮಡಿಚಿ, ನನ್ನ ಜೇಬಿಗೇ ಇಟ್ಟರು. "ಕೂತ್ಕೊಳಪ್ಪ. ಬೆಳಕಿದ್ದಂಗೆ ಶುರು ಮಾಡ್ಬುಡು."

ಮಾವನ ಹಲ್ಲು

ಅತ್ತೆಯ ಕನ್ನಡಕದಿಂದ ಪಾರಾಗಲು ಗಿರಣಿಯ ಪಕ್ಕದ ಕೊಠಡಿಯಲ್ಲಿ ಕಾಳು ಜರಡಿ ಹಿಡಿದು ಕಲ್ಲು ಬೇರೆ ಮಾಡುವ ಒಂದು ಮಿಷನ್ನು ಕೂರಿಸಿದೆ. ಕಾಳಿನ ತೇವ ಎಷ್ಟೆಂದು ತೋರಿಸುವ ಮೀಟರನ್ನೂ ತಂದೆ. ಒಂದು ಹಿಡಿ ಕಾಳು ಹಾಕಿ ಗುಂಡಿ ಒತ್ತಿದರೆ ಅದರಲ್ಲಿ ಅಂಕಿ ಮೂಡುತ್ತದೆ. ಹನ್ನೆರಡರ ಒಳಗಿದ್ದರೆ ಒಣಗಿದೆ ಎಂದರ್ಥ.

ಉಳಿದ ಮನೆಗಳ ಚೀಲಗಳು ಒಂದೊಂದಾಗಿ ಬರತೊಡಗಿದವು. ಮಾವ ತಮ್ಮ ಬೆಳೆ ಇನ್ನೂ ಕೊಯ್ದು ಒಟ್ಟಿದ ಮೆದೆಯಲ್ಲಿದ್ದರೂ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ಕೂರುತ್ತಿದ್ದರು. ಯಾವ ಚೀಲ ಬಂದರೂ ನಾನು ಮೀಟರಿಗೆ ಹಾಕುವ ಮುಂಚೆ ಅವರು ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ತೀರ್ಪು ಕೊಡುತ್ತಿದ್ದರು. 'ಕಟ್' ಅಂದರೆ ಒಣಗಿದೆ, 'ಪಿಚ್' ಅಂದರೆ ಇಲ್ಲ.

ಒಂದು ದಿನ ಒಬ್ಬರ ಚೀಲಕ್ಕೆ ಮೀಟರು ಹದಿನಾಲ್ಕು ತೋರಿಸಿತು. ಇನ್ನೆರಡು ದಿನ ಒಣಗಿಸಿಕೊಂಡು ಬನ್ನಿ ಎಂದೆ. ಮಾವ ನಾಲ್ಕು ಕಾಳು ಕಡಿದು, "ಕಟ್ ಅಂತೈತೆ. ನಿಮ್ ಮಿಷನ್ಗೇ ಬಿಸ್ಲು ಬೇಕಾಗೈತೆ" ಎಂದರು. ಚೀಲ ತಂದವರು ಮಾವನ ಪಕ್ಷ. ನೋಡಲು ನಿಂತವರೂ ಮಾವನ ಪಕ್ಷ.

ನನಗೆ ಸ್ವಲ್ಪ ಸಿಟ್ಟೇ ಬಂತು. "ಮಾವ, ನಿಮ್ಮ ಹಲ್ಲೂ ಮೀಟರಿನಷ್ಟೇ ಹೊಸದು. ಹೋದ ಯುಗಾದಿಗೆ ಮಂಡ್ಯದಲ್ಲಿ ನಾನೇ ಕಟ್ಟಿಸಿಕೊಟ್ಟೆ. ಪೂರ್ತಿ ಸೆಟ್ಟು. ಅದಕ್ಕೇನು ಗೊತ್ತು ಸಾಮೆ ತೇವ?" ಎಂದೆ. ಎಂದಿನಂತೆ ಇಡೀ ಬೀದಿಗೆ ಕೇಳಿಸಿತು.

ಮಾವ ಒಂದಿಷ್ಟೂ ಅಳುಕಲಿಲ್ಲ. ಬಾಯಿಂದ ಮೇಲಿನ ಸೆಟ್ಟು ತೆಗೆದು, ಟವೆಲ್ಲಿನಲ್ಲಿ ಒರೆಸಿ, ಮೇಜಿನ ಮೇಲೆ ಮೀಟರಿನ ಪಕ್ಕದಲ್ಲಿ ಇಟ್ಟರು. "ಸರಿ ಅಳಿಯಂದ್ರೆ. ನಿಮ್ ಮಿಷನ್ನು, ನಮ್ ಮಿಷನ್ನು, ಎಲ್ಡೂ ನೀವೇ ಕೊಡ್ಸಿದ್ದು. ಒಂದ್ರದ್ದು ತಪ್ಪಾದ್ರೂ ಅಂಗಡಿಯವ್ನು ನಿಮ್ಗೇ ಟೋಪಿ ಹಾಕವ್ನೆ."

ಒಕ್ಕಣೆ ಕಾಲಂ

ಹದಿಮೂರು ಮನೆಗಳ ಮಾಲು ಗಿರಣಿ ಸೇರಿತು. ಉಳಿದದ್ದು ಮಾವನದೊಂದೇ. ಕಾಳು ಬಿಡಿಸುವ ಒಕ್ಕಣೆ ಮಿಷನ್ನು ಊರಿಗೆ ಬಂದಾಗ ಮೊದಲು ಬಿತ್ತಿದವರೇ ಮೊದಲು ಒಕ್ಕಬಹುದಿತ್ತು. ಮಾವ ಮಾತ್ರ ಎಲ್ಲರಿಗೂ ಸರದಿ ಬಿಟ್ಟುಕೊಟ್ಟು ಕೊನೆಗೆ ಉಳಿದರು. ತಮ್ಮನ್ನು ನಂಬಿ ಬಂದವರದು ಮೊದಲು ಆಗಲಿ ಅನ್ನುವ ದೊಡ್ಡತನ. ಅವರ ಸರದಿ ಬರುವ ಹೊತ್ತಿಗೆ ಮಳೆ ಹಿಡಿಯಿತು. ಮಳೆ ಬಿಡುವ ಹೊತ್ತಿಗೆ ಕಂಪನಿಯ ಅಧಿಕಾರಿಯ ಫೋನು ಬಂತು. "ನಾಳೆ ಬರ್ತೀನಿ. ಹೊಲ ನೋಡ್ತೀನಿ, ಮಾಲು ನೋಡ್ತೀನಿ, ಅಲ್ಲೇ ಫಾರಂ ತುಂಬ್ತೀನಿ. ಹದಿನಾಲ್ಕು ಮನೇದಕ್ಕೂ ಒಂದೇ ಫಾರಂ. ಒಬ್ಬರದು ಫೇಲಾದ್ರೂ ಲಾರಿ ಹತ್ತಲ್ಲ."

ಅವರ ನಿಯಮದ ಹಾಳೆಯಲ್ಲಿ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಹೊಡೆದಿದ್ದರು: ರಸ್ತೆಯ ಮೇಲೆ ಒಕ್ಕಿದ ಧಾನ್ಯವನ್ನು ಸ್ವೀಕರಿಸುವುದಿಲ್ಲ. ನಮ್ಮ ಕಡೆಯವರನ್ನು ನೋಡಿಯೇ ಬರೆದ ಹಾಗಿತ್ತು. ಕೊಯ್ಲಿನ ಕಾಲದಲ್ಲಿ ನಮಗೆ ಟಾರು ರಸ್ತೆಯೇ ಕಣ. ಹುರುಳಿಯೋ ರಾಗಿಯೋ ರಸ್ತೆಗೆ ಅಡ್ಡ ಹರವಿ ಕೂತರೆ ಬಸ್ಸು, ಟ್ರಾಕ್ಟರು, ಕಾರು ಎಲ್ಲವೂ ಹತ್ತಿ ಇಳಿದು ಕಾಳು ಉದುರಿಸಿ ಹೋಗುತ್ತವೆ. ಮಾವನಿಗೆ ಫೋನಿನಲ್ಲಿ ಮೂರು ಸಲ ಹೇಳಿದೆ: ಮಿಷನ್ನಿನಲ್ಲೇ ಒಕ್ಕಬೇಕು, ಟಾರ್ಪಾಲಿನ ಮೇಲೆ ಒಕ್ಕಬೇಕು, ರಸ್ತೆ ಕಡೆ ತಲೆ ಕೂಡ ಹಾಕಬಾರದು. ಅವರೂ ಮೂರು ಸಲ "ಆಯ್ತು" ಎಂದರು.

ಮರುದಿನ ಬೆಳಿಗ್ಗೆ ಒಕ್ಕಣೆ ಮಿಷನ್ನು ಕೆಟ್ಟು ಕೂತದ್ದು ನನಗೆ ಯಾರೂ ತಿಳಿಸಲಿಲ್ಲ.

ಅಧಿಕಾರಿ ಕಂಪನಿಯ ಗಾಡಿಯನ್ನು ತಾನೇ ಓಡಿಸಿಕೊಂಡು ನಾಗಮಂಗಲಕ್ಕೆ ಬಂದ. ಎತ್ತರದ, ಭಾರವಾದ, ಹೊಸ ಗಾಡಿ. ನಾನು ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ನಮ್ಮ ರೈತರ ಶಿಸ್ತನ್ನು ಹೊಗಳಿದೆ. ಊರು ಇನ್ನೇನು ಬಂತು ಅನ್ನುವಾಗ ಒಂದು ತಿರುವು ದಾಟಿದೆವು. ಎದುರಿಗೆ ರಸ್ತೆಯ ಈ ಅಂಚಿನಿಂದ ಆ ಅಂಚಿನ ತನಕ ಬೆಳೆ ಹರವಿತ್ತು. ನಡುವೆ ಕವೆಗೋಲು ಹಿಡಿದು ಮಾವ ನಿಂತಿದ್ದರು.

ಅಧಿಕಾರಿ ಬ್ರೇಕು ಹಾಕಿದ. "ಇದೇನು ಬೆಳೆ?"

"ಹುರುಳಿ ಸರ್" ಎಂದೆ. ಆ ಸುಳ್ಳು ಹೇಗೆ ಬಾಯಿಗೆ ಬಂತೋ ನನಗೇ ಗೊತ್ತಿಲ್ಲ. ಹೇಳಿ, ಸೀಟಿನಲ್ಲಿ ಆದಷ್ಟು ಕೆಳಗೆ ಜಾರಿದೆ.

ಮಾವನಿಗೆ ಅಧಿಕಾರಿಯ ಗುರುತಿಲ್ಲ. ಅವರ ಕಣ್ಣಿಗೆ ಕಂಡದ್ದು ಗಾಡಿಯ ತೂಕ ಮಾತ್ರ. "ನಿಲ್ಲಿಸ್ಬ್ಯಾಡಿ ಸ್ವಾಮಿ, ಮೇಲೇ ಹತ್ಸಿ, ಮೇಲೇ ಹತ್ಸಿ!" ಎಂದು ಕೂಗಿದರು. ಅಧಿಕಾರಿ ಮೆಲ್ಲಗೆ ಹತ್ತಿಸಿ ಆಚೆ ಇಳಿಸಿದ. ಮಾವ ಓಡಿಬಂದು ಅವನ ಕಡೆಯ ಗಾಜು ತಟ್ಟಿದರು. "ಒಂದ್ ಉಪಕಾರ ಮಾಡ್ಬೇಕು ಸ್ವಾಮಿ. ಬಸ್ಸು ಬರಕ್ಕೆ ಇನ್ನೂ ಒಂದ್ ಗಂಟೆ ಐತೆ. ನಿಮ್ ಗಾಡಿ ಒಳ್ಳೆ ಭಾರವಾಗೈತೆ. ಹಿಂದಕ್ ತಗಂಡು ಇನ್ನೊಂದ್ ಸುತ್ತು ಬಂದ್ಬುಡಿ."

ಸಾರ್, ಹೊತ್ತಾಗುತ್ತೆ, ಹೋಗೋಣ ಎಂದು ನಾನು ಪಿಸುಗುಟ್ಟಿದೆ. ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದ್ದೆ, ಅದು ಅವನಿಗೆ ಕೇಳಿಸಲಿಲ್ಲ. ಅವನ ಮುಖ ಅರಳಿತ್ತು. "ಚಿಕ್ಕವನಿದ್ದಾಗ ನಮ್ಮಜ್ಜಿ ಊರಲ್ಲಿ ಇದನ್ನ ನೋಡ್ತಾ ಕೂರ್ತಿದ್ದೆ ಸರ್. ಓಡಿಸೋ ಚಾನ್ಸು ಸಿಕ್ಕಿರಲಿಲ್ಲ" ಎಂದವನೇ ರಿವರ್ಸ್ ಹಾಕಿದ.

ಒಂದು ಸುತ್ತು ಎರಡಾಯಿತು, ಎರಡು ಎಂಟಾಯಿತು. ಮಾವ ಟ್ರಾಫಿಕ್ ಪೊಲೀಸರ ಹಾಗೆ ಕೈ ಬೀಸುತ್ತಿದ್ದರು. "ಬಲಕ್ಕೆ ಒಸಿ ಬುಟ್ಟೋಯ್ತು ಸ್ವಾಮಿ, ಅಲ್ಲೂ ತುಳ್ಸಿ. ಹಾಂ, ಬನ್ನಿ, ಬನ್ನಿ!" ಅಧಿಕಾರಿ ಅಂಗಿಯ ತೋಳು ಮಡಿಚಿಕೊಂಡು ಬಹಳ ಶ್ರದ್ಧೆಯಿಂದ ಓಡಿಸುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಒಂಬತ್ತನೆಯ ಸುತ್ತಿಗೆ ಮಾವನಿಗೆ ನಾನು ಕಂಡೆ. "ಅಲ್ಲಾ ಅಳಿಯಂದ್ರೆ! ಒಳ್ಗೇ ಕುಂತಿದ್ದೀರಲ್ಲ, ಇಳ್ದು ಹುಲ್ಲು ತಿರುವ್ಬಾರ್ದಾ? ಆ ಕಂಪನಿಯವ್ನು ಎಷ್ಟೊತ್ಗೆ ಬತ್ತಾನಂತೆ? ಅವ್ನು ಬರೋದ್ರೊಳ್ಗೆ ಈ ಸಾಮೆ ಒಕ್ಕಿ ಬಾಚ್ಬುಡ್ಬೇಕು!"

ಗಾಡಿ ನಿಂತಿತು. ಇಂಜಿನ್ನೂ ನಿಂತಿತು. ಅಧಿಕಾರಿ ನಿಧಾನವಾಗಿ ನನ್ನ ಕಡೆ ತಿರುಗಿದ. "ಹುರುಳಿ ಅಂದ್ರಲ್ಲ ಸರ್?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಕೆಳಗಿಳಿದು ಎಲ್ಲ ಹೇಳಿದೆ. ಸುಳ್ಳು ನನ್ನದು, ನಮ್ಮ ಮಾವನದಲ್ಲ. ಮಿಷನ್ನು ಕೆಟ್ಟಿದೆ, ಇವರೊಬ್ಬರಿಂದ ಉಳಿದ ಹದಿಮೂರು ಮನೆಗೆ ಕುತ್ತು ಬಾರದಿರಲಿ ಎಂದು ಹೀಗೆ ಮಾಡಿದ್ದಾರೆ ಎಂದೆ. ಮಾವ ಕವೆಗೋಲು ಕೆಳಗಿಟ್ಟು, ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ನಿಂತರು. ಅವರನ್ನು ಹಾಗೆ ನೋಡಿದ್ದು ಅದೇ ಮೊದಲು, ನನಗೆ ನಿಜವಾಗಿ ಸಂಕಟವಾಯಿತು.

ಅಧಿಕಾರಿ ಒಳ್ಳೆಯ ಮನುಷ್ಯ. "ಕಾಳು ಬಾಚಿ ತನ್ನಿ, ಪರೀಕ್ಷೆ ಮಾಡೋಣ" ಎಂದ. ಬಾಚಿ, ತೂರಿ, ಚೀಲಕ್ಕೆ ತುಂಬಿ ನಾಗಮಂಗಲಕ್ಕೆ ತಂದೆವು. ಜರಡಿ ಹಿಡಿದು ಕಲ್ಲಿನ ಮಿಷನ್ನಿಗೆ ಎರಡು ಸಲ ಹಾಕಿದೆವು. ಅವನು ತನ್ನ ಉಪಕರಣದಲ್ಲಿ, ಭೂತಗನ್ನಡಿಯಲ್ಲಿ, ಕೈಯಲ್ಲಿ, ಎಲ್ಲ ರೀತಿಯಲ್ಲೂ ನೋಡಿದ. ತೇವ ಸರಿಯಾಗಿತ್ತು. ಕಲ್ಲು ಒಂದೂ ಇರಲಿಲ್ಲ. ಹದಿನಾಲ್ಕು ಮನೆಯ ಮಾಲೂ ಪಾಸು. ಅವನು ಫಾರಂ ತುಂಬುತ್ತ ಬಂದು ಒಂದು ಕಡೆ ಪೆನ್ನು ನಿಲ್ಲಿಸಿದ.

"ಇಲ್ಲೊಂದು ಕಾಲಂ ಇದೆ. ಒಕ್ಕಣೆ ಮಾಡಿದ ವಿಧಾನ. ರಸ್ತೆ ಅಂತ ಬರೆದ್ರೆ ಎಲ್ಲಾ ರಿಜೆಕ್ಟ್ ಆಗುತ್ತೆ. ಸುಳ್ಳು ಬರೆಯೋಕೆ ನನ್ನ ಕೈಲಾಗಲ್ಲ."

ಹದಿನಾಲ್ಕು ಮನೆಯವರೂ ಬಾಗಿಲಲ್ಲಿ ನಿಂತಿದ್ದರು. ಹೊರಗೆ ಲಾರಿ ಕಾಯುತ್ತಿತ್ತು.

ಮಾವ ಗಂಟಲು ಸರಿಮಾಡಿಕೊಂಡರು. "ಸುಳ್ಳ್ಯಾಕ್ ಬರೀಬೇಕು ಸ್ವಾಮಿ? ನಡೆದದ್ದೇ ಬರೀರಿ. ಮಿಷನ್ನಲ್ಲಿ ಒಕ್ಕಿದ್ದು. ಮಿಷನ್ನು ಕಂಪನಿದು. ಓಡ್ಸಿದ್ದು ಆಪೀಸರು."

ಅಧಿಕಾರಿ ಮಾವನನ್ನು ನೋಡಿದ. ಕಿಟಕಿಯಾಚೆ ನಿಂತಿದ್ದ ತನ್ನ ಗಾಡಿಯನ್ನು ನೋಡಿದ. ಅದರ ಹೊಟ್ಟೆಯ ಕೆಳಗೆ ಸಾಮೆ ಹುಲ್ಲು ಇನ್ನೂ ಜೋತುಬಿದ್ದಿತ್ತು. ಆಮೇಲೆ ತಲೆ ಬಗ್ಗಿಸಿ, ದುಂಡಗೆ ಬರೆದ: "ಕಂಪನಿಯ ಯಂತ್ರದಿಂದ, ಅಧಿಕಾರಿಯ ಖುದ್ದು ಮೇಲ್ವಿಚಾರಣೆಯಲ್ಲಿ."

ಲಾರಿ ತುಂಬಿತು, ಹೊರಟಿತು. ಹದಿನಾಲ್ಕು ಮನೆಯವರ ಮುಖ ನೋಡಿ ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅಧಿಕಾರಿ ಎಲ್ಲರಿಗೂ ಕೈಮುಗಿದು ಗಾಡಿ ಹತ್ತಿದ. ಮಾವ ಓಡಿಹೋಗಿ ಮತ್ತೆ ಅವನ ಕಿಟಕಿಯ ಗಾಜು ತಟ್ಟಿದರು.

"ಮುಂದ್ಲೊರ್ಸ ನಾಕೆಕ್ರೆ ಆಕ್ತೀನಿ ಸ್ವಾಮಿ. ಒಸಿ ದೊಡ್ಡ ಗಾಡಿ ತಗಂಡ್ ಬನ್ನಿ."